ಗೋರಂಟಿಯ ಕೆಳಗಿದ್ದ ಅಂಗಾಲು

ನಿಮ್ಮ ತಾತನ ಅಂಗಾಲನ್ನು ನಾನು ಸರಿಯಾಗಿ ನೋಡಿದ್ದು ಅವರಿಗೆ ಕಾಯಿಲೆ ಬಂದ ಮೇಲೆ. ಅದಕ್ಕೆ ಮೊದಲು ಅವರ ಕೈ ಗೊತ್ತಿತ್ತು, ಬೆನ್ನು ಗೊತ್ತಿತ್ತು, ಓಣಿಯ ಆ ತುದಿಯಲ್ಲಿ ಕೆಮ್ಮಿದರೂ ಅವರೇ ಎಂದು ಗೊತ್ತಾಗುತ್ತಿತ್ತು. ಗಂಡಸಿನ ಅಂಗಾಲನ್ನು ಯಾರು ನೋಡಲು ಹೋಗುತ್ತಾರೆ? ತಾತನಿಗೆ ಏನಾಗಿತ್ತು ಎಂದು ನೀವು ಆಗಾಗ ಕೇಳುತ್ತೀರಿ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ, ನಡುವೆ ಯಾರಾದರೂ ಬಂದು ಕುಳಿತರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ಸಿರುಗುಪ್ಪದ ಹತ್ತಿರದ ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಕನ್ನಡ ನನ್ನದು. ತಪ್ಪಿದ್ದರೆ ತಿದ್ದಿಕೊಳ್ಳಿ.

ತಾತನದು ಹತ್ತಿ ಹಿಂಜುವ ಮನೆತನ. ಅವರ ಅಪ್ಪ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗುತ್ತಿದ್ದರಂತೆ. ಇವರ ಕಾಲಕ್ಕೆ ಹಿಂಜಲು ಯಂತ್ರ ಬಂದಿತ್ತು, ಗಾದಿ ಹೊಲಿಯುವುದು ಮಾತ್ರ ಕೈಯಲ್ಲೇ. ಬಳ್ಳಾರಿಯ ಅಂಗಡಿಯ ನೆಲದ ಮೇಲೆ ಬಟ್ಟೆ ಹಾಸಿ, ಹತ್ತಿ ತುಂಬಿ, ಬಾಯಿ ಹೊಲಿದ ಮೇಲೆ ಬರಿಗಾಲಲ್ಲಿ ಗಾದಿಯ ಮೇಲೆ ನಿಲ್ಲುತ್ತಿದ್ದರು. ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಅಂಗಾಲಿನಿಂದ ಒತ್ತಿ ಒತ್ತಿ ನೋಡಿ, ಅಲ್ಲಲ್ಲಿ ಕೋಲಿನಿಂದ ಬಡಿದು ಸಮ ಮಾಡುತ್ತಿದ್ದರು. “ಕಣ್ಣಿಗಿಂತ ಕಾಲಿಗೆ ಚಲೋ ತಿಳೀತೈತಿ” ಎನ್ನುತ್ತಿದ್ದರು. ಆಮೇಲೆ ಹತ್ತಿ ಸರಿಯದಂತೆ ದಬ್ಬಣ ಹಿಡಿದು ಅಂಗೈಯಿಂದ ಒತ್ತಿ ಒತ್ತಿ ಟಾಕು, ಅಂದರೆ ದಪ್ಪ ಹೊಲಿಗೆ, ಹಾಕುವುದು. ಕಾಲು ಮತ್ತು ಅಂಗೈ, ಇವೆರಡೇ ಅವರ ಬಂಡವಾಳ.

ಗಣಿಯ ದುಡ್ಡು ಊರಿಗೆ ಸುರಿಯುತ್ತಿದ್ದ ಕಾಲ ಅದು. ಅದಿರಿನ ಲಾರಿಗಳು ಒಂದರ ಹಿಂದೆ ಒಂದು ನಿಂತು, ರಸ್ತೆ ದಾಟಲು ಮುಕ್ಕಾಲು ಗಂಟೆ ಕಾದದ್ದೂ ಉಂಟು. ಬೆಳಿಗ್ಗೆ ಒಣಹಾಕಿದ ಬಿಳಿ ಬಟ್ಟೆ ಮಧ್ಯಾಹ್ನಕ್ಕೆ ಕೆಂಪು ಛಾಯೆಗೆ ತಿರುಗುತ್ತಿತ್ತು. ಬಂದ ಜನಕ್ಕೆ ಮಲಗಲು ಜಾಗ ಸಾಲದೆ ಲಾಡ್ಜುಗಳ ಮೇಲೆ ಲಾಡ್ಜು ಎದ್ದವು, ಲಾಡ್ಜು ಎದ್ದರೆ ಗಾದಿ ಬೇಕು. ತಾತನಿಗೆ ಊಟಕ್ಕೂ ಬಿಡುವಿಲ್ಲ. ಬಲಗಡೆ ಪಕ್ಕೆಲುಬಿನ ಕೆಳಗೆ ಭಾರ ಎಂದರು, ಹಸಿವಿಲ್ಲ ಎಂದರು. ಧೂಳು ಕುಡಿದದ್ದಕ್ಕೆ ಇರಬೇಕು ಎಂದುಕೊಂಡೆವು.

ಧೂಳಲ್ಲ. ಯಾವ ಕಾಲದಲ್ಲೋ ರಕ್ತಕ್ಕೆ ಸೇರಿದ ಕಾಮಾಲೆಯ ವೈರಸ್ಸು ಸದ್ದಿಲ್ಲದೆ ಕುಳಿತು ಲಿವರಿನಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆಸಿತ್ತು. ಲಿವರ್ ಎಂದ ಕೂಡಲೇ ಜನ ಕೈಯನ್ನು ಲೋಟದಂತೆ ಮಾಡಿ ಬಾಯಿಯ ಹತ್ತಿರ ತಂದು ತೋರಿಸುತ್ತಿದ್ದರು. ತಾತ ಒಂದು ದಿನ ಕುಡಿದವರಲ್ಲ. ಯಾರಾದರೂ ನಿಮ್ಮ ಮುಂದೆ ಹಾಗೆ ಕೈ ಮಾಡಿದರೆ, ಅಲ್ಲ ಎಂದು ಹೇಳಿ.

ಕಂಟೋನ್ಮೆಂಟ್ ಕಡೆಯ ಒಂದು ಆಸ್ಪತ್ರೆಗೆ ವಾರಕ್ಕೊಮ್ಮೆ ಬೆಂಗಳೂರಿನಿಂದ ಕ್ಯಾನ್ಸರ್ ಡಾಕ್ಟರು ಬರುತ್ತಿದ್ದರು. ಗಡ್ಡೆ ಇರುವ ಜಾಗದಲ್ಲಿ ಕತ್ತರಿ ಆಡುವುದಿಲ್ಲ ಎಂದು ಅವರು ಹೇಳಿದರು. ಒಂದು ಮಾತ್ರೆ ಇದೆ, ಬೆಳಿಗ್ಗೆ ಸಂಜೆ, ಖಾಲಿ ಹೊಟ್ಟೆಯಲ್ಲಿ.

“ಇದು ಮೈಯೆಲ್ಲಾ ಸುಡೋ ಔಷಧಿ ಅಲ್ಲ,” ಎಂದು ನಿಧಾನವಾಗಿ ವಿವರಿಸಿದರು. “ಗಡ್ಡೆಗೆ ರಕ್ತ ಹೋಗೋ ದಾರಿ ನೋಡಿ, ಗುರಿ ಇಟ್ಟು ಹೊಡೆಯುತ್ತೆ. ಕರಗಿಸುತ್ತೆ ಅಂತ ನಾನು ಮಾತು ಕೊಡಲ್ಲ. ಬೆಳೆಯೋದನ್ನ ತಡೆಯುತ್ತೆ. ಆದರೆ ಅಂಗೈ, ಅಂಗಾಲು ಕೆಂಪಾಗಿ ಉರಿಬಹುದು, ಬೊಬ್ಬೆ ಬರಬಹುದು. ಭೇದಿ ಆಗಬಹುದು, ಬಿಪಿ ಏರಬಹುದು. ಏನೇ ಆದ್ರೂ ಆದ ದಿನಾನೇ ಹೇಳಬೇಕು. ಜಾಸ್ತಿ ಆದ್ರೆ ನಿಲ್ಲಿಸಬೇಕಾಗುತ್ತೆ.”

ತಾತ ಅಲ್ಲೂ ಬಿಡಲಿಲ್ಲ. “ಗುರಿ ಇಟ್ಟು ಹೊಡಿಯೋ ಗುಳಿಗಿ ಅಂತೀರಿ ಸರ್. ಲಿವರ್ ಎಲ್ಲಿ, ಅಂಗಾಲ ಎಲ್ಲಿ? ಇದರ ಕಣ್ಣು ಸ್ವಲ್ಪ ಮೆಳ್ಳಗಣ್ಣು ಇದ್ದಂಗ ಐತಲ್ರಿ!”

ಡಾಕ್ಟರು ನಕ್ಕರು. ನಾನು ಬಾಗಿಲ ಹತ್ತಿರ ಸೆರಗು ಹೊದ್ದು ನಿಂತಿದ್ದೆ. ಕುರ್ಚಿ ತೋರಿಸಿದರೂ ಕೂಡಲಿಲ್ಲ. ಆ ಮೇಲೆ ಎಷ್ಟೋ ಸಲ ಆ ಕೋಣೆಗೆ ಹೋದೆ. ನನ್ನ ದನಿ ಹೇಗಿದೆ ಎಂದು ಡಾಕ್ಟರಿಗೆ ಬಹಳ ದಿನ ಗೊತ್ತಿರಲಿಲ್ಲ.

ಹೊರಗೆ ಬೆಂಚಿನ ಮೇಲೆ, ಹೊಸಪೇಟೆ ಕಡೆಯವನಂತೆ ಕಾಣುವ ಒಬ್ಬ ಗಂಡಸು ಕುಳಿತಿದ್ದ. ತಾತನ ಕೈಯಲ್ಲಿನ ಡಬ್ಬಿ ನೋಡಿದ.

“ನಮ್ಮ ಮಾವಗೂ ಇದ ಕೊಟ್ಟಿದ್ರು. ಕಾಲು ಒಡದು ನೀರಾದುವು. ನಿಲ್ಸಿದ್ರು. ಅಷ್ಟ, ಮುಗೀತು ಕತಿ.”

“ಮತ್ತ ಚಾಲೂ ಮಾಡ್ಲಿಲ್ಲೇನ್ರಿ?” ಎಂದರು ತಾತ.

“ಯಾರ್ ಮಾಡ್ತಾರ? ಒಮ್ಮಿ ನಿಲ್ಸಿದ್ರ ನಿಂತಂಗ. ನಿಮಗ ಕಾಲು ಗಟ್ಟಿ ಅದಾವಿಲ್ಲೋ?”

“ಗಾದಿ ತುಳಿಯೋ ಕಾಲು ಇವು,” ಎಂದು ತಾತ ನಕ್ಕರು. ನಗು ಮುಖದಲ್ಲಿ ಪೂರ್ತಿ ಬರಲಿಲ್ಲ. ಡಾಕ್ಟರು ಹೇಳಿದ ಅಷ್ಟೂ ಮಾತಿನಲ್ಲಿ ಅವರ ತಲೆಯೊಳಗೆ ಉಳಿದದ್ದು ‘ನಿಲ್ಲಿಸಬೇಕಾಗುತ್ತೆ’ ಎಂಬುದೊಂದೇ, ಅದಕ್ಕೆ ಅರ್ಥ ಹೇಳಿದವನು ಆ ಬೆಂಚಿನ ಮನುಷ್ಯ.

ಮೊದಮೊದಲು ಹೊಟ್ಟೆ ಕೆಟ್ಟಿತು. ಅನ್ನದ ಗಂಜಿ, ಬಾಳೆಹಣ್ಣು, ಉಪ್ಪು ಸಕ್ಕರೆಯ ಪುಡಿ ಕಲಸಿದ ನೀರು ಕೊಟ್ಟು ಹತೋಟಿಗೆ ತಂದೆ. ಮುಂಜಾನೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಇಲ್ಲದೆ ಅವರಿಗೆ ದಿನ ಶುರುವಾಗುತ್ತಿರಲಿಲ್ಲ. ಅದನ್ನು ಬಿಡಿಸಲು ನಾನು ಪಟ್ಟ ಪಾಡು ಬೇರೆ, ಮಿರ್ಚಿ ಕರಿಯುವ ವಾಸನೆ ಬಂದರೆ ಬಾಗಿಲು ಹಾಕುತ್ತಿದ್ದೆ. ಬಿಪಿ ಏರಿತು, ಅದಕ್ಕೊಂದು ಮಾತ್ರೆ ಬಂತು. ದನಿ ಗೊಗ್ಗರಾಯಿತು. ಇವನ್ನೆಲ್ಲ ಅವರು ಡಾಕ್ಟರಿಗೆ ಹೇಳುತ್ತಿದ್ದರು. ಕಾಲಿನ ವಿಷಯ ಬಂದರೆ ಮಾತ್ರ “ಫಸ್ಟ್ ಕ್ಲಾಸ್ ಸರ್” ಎನ್ನುತ್ತಿದ್ದರು.

ಗಾದಿ ತುಳಿಯಬೇಡಿ, ಒತ್ತಡ ಬಿದ್ದಲ್ಲೇ ಚರ್ಮ ಕೆಡುತ್ತದೆ ಎಂದು ಆಸ್ಪತ್ರೆಯ ಸಿಸ್ಟರ್ ಮೊದಲೇ ಹೇಳಿದ್ದರು. ತಾತ ತಲೆಯಾಡಿಸಿ ಬಂದು ಮರುದಿನವೇ ಗಾದಿ ಹತ್ತಿದರು. ಲಾಡ್ಜಿನವರ ಕೆಲಸ ಒಪ್ಪಿಕೊಂಡಿದ್ದೇನೆ ಎಂದರು.

ಏನೋ ಸರಿಯಿಲ್ಲ ಎಂದು ನನಗೆ ಅನ್ನಿಸಿದ್ದು ನಮಾಜಿನಿಂದ. ಕೂಡುವಾಗ ಬಲಗಾಲಿನ ಬೆರಳು ಮಡಚಿ, ಅದರ ಮೇಲೆ ಭಾರ ಹಾಕಿ ಕೂಡಬೇಕು. ಅವರು ಎರಡೂ ಕಾಲನ್ನು ಪಕ್ಕಕ್ಕೆ ಹಾಕಿ ಕೂಡಲು ಶುರು ಮಾಡಿದರು. ಒಂದು ಶುಕ್ರವಾರ ಮಸೀದಿಗೂ ಹೋಗಲಿಲ್ಲ. ಅಂಗಳದ ಹಾಸುಗಲ್ಲು ಬಿಸಿಲಿಗೆ ಕಾದಿರುತ್ತದೆ ಎಂದರು. ನನಗೆ ತಿಳಿದಂತೆ ಅವರು ಆ ಕಲ್ಲಿನ ಮೇಲೆ ಎಷ್ಟೋ ಬೇಸಿಗೆ ನಡೆದವರು.

“ಕಾಲು ಉರಿತಾವೇನ್ರಿ?”

“ಬಿಸಲಿಗೆ ಯಾರಿಗೆ ಉರಿಯಂಗಿಲ್ಲ? ಕುರುಗೋಡಿಗೆ ಹೋಗಿ ಅಕ್ಕನ ಹಿತ್ತಲದಾಗಿನ ಗೋರಂಟಿ ಹಚ್ಚಿಸ್ಕೊಂಡು ಬರೂಣು. ತಂಪು ಆಕ್ಕೈತಿ.”

ನಮ್ಮ ಸೀಮೆಯ ಬೇಸಿಗೆಯಲ್ಲಿ ಅಂಗಾಲಿಗೆ ಗೋರಂಟಿ ಮೆತ್ತಿಕೊಳ್ಳುವುದು ಹೊಸದಲ್ಲ. ಹೆಂಗಸರು ಚೆಂದಕ್ಕೂ ಹಚ್ಚುತ್ತಾರೆ, ಗಂಡಸರು ಉರಿ ತಾಳದೆ ಹಚ್ಚಿಕೊಂಡು ಕಾಲು ಮಡಚಿ ಮುಚ್ಚಿಟ್ಟುಕೊಳ್ಳುತ್ತಾರೆ. ನನಗೆ ಸಂಶಯ ಬರಲಿಲ್ಲ.

ಕುರುಗೋಡಿನಲ್ಲಿ ತಾತನ ಅಕ್ಕ ಇದ್ದರು. ನನಗೆ ನಾದಿನಿಯಾಗಬೇಕು, ವಯಸ್ಸಿನಲ್ಲಿ ಹಿರಿಯರಾದ್ದರಿಂದ ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ. ಎಲೆ ತರಿದು ಒರಳಲ್ಲಿ ರುಬ್ಬಿ, ಹುಣಸೆ ನೀರು ಬೆರೆಸಿ, ತಮ್ಮನ ಕಾಲನ್ನು ತಾವೇ ಎಳೆದುಕೊಂಡರು. ಅವರಿಗೆ ಕಣ್ಣು ಮಂಜು, ಕೋಣೆಯೊಳಗೆ ಬೆಳಕೂ ಸಾಲದು.

“ಬರೇ ನಡುವ ಹಚ್ಚಬ್ಯಾಡಕ್ಕ. ಹಿಮ್ಮಡ, ಬೆರಳು, ಎಲ್ಲಾ ಮುಚ್ಚು. ಅಂಗೈಗೂ ಹಚ್ಚು.”

“ಏನ್ಲೇ ತಮ್ಮ, ಎರಡನೇ ನಿಕಾ ಮಾಡ್ಕೋತೀಯೇನು? ಮದಿಮಗನಂಗ ಅಂಗೈಗೂ ಕೇಳ್ತಿ!”

“ಹೆಣ್ಣು ನೋಡಿದ್ರ ಹೇಳು. ಗಾದಿ ನನ್ನ ಕಡೀಗೆ ಐತಿ.”

“ಕೇಳ್ದೇನ ತಂಗಿ, ನಿನ್ನ ಗಂಡನ ಮಾತು?” ಎಂದು ಅಕ್ಕ ನನ್ನ ಕಡೆ ತಿರುಗಿದರು. “ಈ ಮಾರಿಗೆ ಯಾರ್ ಹೆಣ್ಣು ಕೊಡ್ತಾರ? ಲೇ, ಕಾಲು ಯಾಕ ಜಗ್ತೀ? ಕಚಗುಳಿ ಇಡಾಕತ್ತೈತೇನು?”

“ಹೂಂ,” ಎಂದರು ತಾತ. ಹಲ್ಲು ಕಚ್ಚಿದ್ದರು. ನಾವಿಬ್ಬರೂ ನಕ್ಕೆವು.

ಮರುದಿನಕ್ಕೆ ಅಂಗಾಲು ಕಡುಗೆಂಪಾಗಿ, ಅಂಚಿನಲ್ಲಿ ಕಪ್ಪಾಗಿ ಬಣ್ಣ ಕೂತಿತ್ತು. ಆ ವಾರ ಆಸ್ಪತ್ರೆಗೆ ಹೋದಾಗ, ಬಿಪಿ ನೋಡಿಸುವ ಚೀಟಿ ತರಲು ತಾತ ನನ್ನನ್ನು ಹೊರಗೆ ಕಳಿಸಿದರು. ನಾನು ಬರುವುದರೊಳಗೆ ಅವರು ಡಾಕ್ಟರ ಕೋಣೆಯಿಂದ ಹೊರಗೆ ಬಂದಿದ್ದರು. ಎಲ್ಲಾ ಚಲೋ ಐತಂತ ಎಂದರು. ಆಟೋದಲ್ಲಿ ಉದ್ದಕ್ಕೂ ಮಾತಾಡಿದರು.

ಅದಾದ ಮೇಲೆ, ಬಳ್ಳಾರಿಯ ಬಿಸಿಲಲ್ಲಿ ಅವರು ಕಾಲುಚೀಲ ಹಾಕಿಕೊಂಡು ಮಲಗುತ್ತಿದ್ದರು. ಸ್ನಾನದ ನೀರು ನಾನು ಹಾಕುತ್ತೇನೆ ಎಂದರೆ ಬಾಗಿಲ ಚಿಲಕ ಹಾಕಿಕೊಳ್ಳುತ್ತಿದ್ದರು. ಪಾದದ ಹೊರ ಅಂಚಿನ ಮೇಲೆ ಭಾರ ಹಾಕಿ, ಕೆಸರಿನಲ್ಲಿ ಹೆಜ್ಜೆ ಹುಡುಕುವವರಂತೆ ನಡೆಯುತ್ತಿದ್ದರು. ಊಟ ಒಯ್ದು ಅಂಗಡಿಗೆ ಹೋದಾಗ ಲಾಡ್ಜಿನ ಬಿಳಿ ಗಾದಿಯ ಮೇಲೆ ಕೆಂಪು ಕಲೆಗಳು ಕಂಡವು. ಗೋರಂಟಿ ಇನ್ನೂ ಬಣ್ಣ ಬಿಡುತ್ತಿದೆಯೇ ಎಂದು ಕೇಳಿದೆ. “ಹೂಂ, ಅಕ್ಕನ ಗೋರಂಟಿ ಭಾಳ ಜೋರು” ಎಂದು ಕಲೆಯ ಮೇಲೆ ಹತ್ತಿಯ ಮೂಟೆ ಎಳೆದರು. ಮುಟ್ಟಿ ನೋಡಿದ್ದೆ. ಕಲೆ ಅಂಟುತ್ತಿತ್ತು.

ಬಣ್ಣ ಮಾಸಿತು ಎಂದು ಅವರೇ ಮತ್ತೆ ಕುರುಗೋಡಿನಿಂದ ಎಲೆ ತರಿಸಿದರು. ಈ ಸಲ ನಾನೇ ಹಚ್ಚುತ್ತೇನೆ ಎಂದೆ. ಸಂಜೆಗೆ ಹಚ್ಚು ಎಂದರು. ನಾನು ಒಪ್ಪಲಿಲ್ಲ, ಬೆಳಿಗ್ಗೆಯೇ ಹಿತ್ತಲಲ್ಲಿ ಬಿಸಿಲು ಬೀಳುವ ಕಡೆ ಮಣೆ ಹಾಕಿ ಕೂಡಿಸಿದೆ. ಕಾಲುಚೀಲ ಎಳೆದಾಗ ಅದು ಅಂಟಿಕೊಂಡು ಬಂತು. ಹಳೆಯ ಗೋರಂಟಿಯ ಬಣ್ಣ ಇನ್ನೂ ಉಳಿದಿತ್ತು, ಮೇಲಿಂದ ಏನೂ ತಿಳಿಯುವಂತಿರಲಿಲ್ಲ. ಅರೆದ ಗೋರಂಟಿ ಬೆರಳಲ್ಲಿ ತೆಗೆದು ಹಿಮ್ಮಡಕ್ಕೆ ಹಚ್ಚಿದೆ. ನನ್ನ ಬೆರಳು ಸರಿದ ಹಾಗೆ ಅವರ ಚರ್ಮವೂ ಸರಿಯಿತು.

ನನ್ನ ಕೈ ಅಲ್ಲೇ ನಿಂತಿತು. ಚರ್ಮದ ಕೆಳಗೆ ನೀರು ಆಡುತ್ತಿತ್ತು. ಹೆಬ್ಬೆರಳ ಬುಡದಲ್ಲಿ ಬಾಯಿ ಬಿಟ್ಟು ಒಳಗೆ ಹಸಿ ಮಾಂಸ.

“ಇದು ಎಂದಿನಿಂದ್ರಿ?”

“ಕೈ ತಗಿ.”

“ಡಾಕ್ಟ್ರಿಗೆ ತೋರ್ಸಿದ್ರಿಲ್ಲ?”

“ತೋರ್ಸೀನಿ. ಗೋರಂಟಿ ನೋಡಿದ್ರು, ಮನ್ಯಾಗ ಮದುವೇನಾ ಅಂತ ಕೇಳಿದ್ರು. ಹೂಂ ಅಂದೆ.”

ಆಗ ನನಗೆ ತಿಳಿಯಿತು, ತಂಪಿಗಲ್ಲ, ಮುಚ್ಚುವುದಕ್ಕೆ. ಒತ್ತಿದರೆ ನೋವಾಗುತ್ತದೆಯೇ ಎಂದು ಡಾಕ್ಟರು ಕೇಳಿದಾಗಲೂ ಇವರು ಉಸಿರು ಹಿಡಿದು ಇಲ್ಲ ಎಂದಿದ್ದರಂತೆ.

“ಹೇಳಿದ್ರ ಗುಳಿಗಿ ನಿಲ್ಲಿಸ್ತಾರ,” ಎಂದರು. ದನಿ ಏರಲಿಲ್ಲ. “ಕಾಲು ಹೋದ್ರ ಕುಂತು ಹೊಲಿತೀನಿ. ಗುಳಿಗಿ ಹೋದ್ರ ನಾ ಇರಂಗಿಲ್ಲ. ನಾಳಿ ಡಾಕ್ಟ್ರ ದಿನ. ನೀ ಬಾಯಿ ಬಿಡಬ್ಯಾಡ. ಮಗಳ ಮ್ಯಾಲ ಆಣಿ.”

ಆ ಮಗಳೇ ನಿಮ್ಮ ಅವ್ವ.

ಅವರನ್ನು ಬೈಯುವಷ್ಟು ಧೈರ್ಯ ನನಗೂ ಇರಲಿಲ್ಲ, ಏಕೆಂದರೆ ಆ ಬೆಂಚಿನ ಮನುಷ್ಯನ ಮಾತನ್ನು ನಾನೂ ನಂಬಿದ್ದೆ. ಹೇಳಿದರೆ ಮಾತ್ರೆ ನಿಲ್ಲುತ್ತದೆ, ಗಡ್ಡೆ ಬೆಳೆಯುತ್ತದೆ. ಹೇಳದಿದ್ದರೆ ಈ ಕಾಲಿನಿಂದ ನಂಜು ಏರುತ್ತದೆ. ಯಾವ ಕಡೆ ತಿರುಗಿದರೂ ಅವರು ಕೈ ಬಿಟ್ಟು ಹೋಗುವುದೇ ಕಾಣುತ್ತಿತ್ತು. ಅರೆದ ಗೋರಂಟಿಯನ್ನು ಹಾಗೆಯೇ ಗಿಡದ ಬುಡಕ್ಕೆ ಚೆಲ್ಲಿದೆ. ಕೈಗೆ ಹತ್ತಿದ ಬಣ್ಣ ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಬೆಳಗಾದಾಗ ಅವರ ಮೈ ಕಾಯುತ್ತಿತ್ತು. ಎಡಪಾದ ಊದಿ ಗಿಣ್ಣು ಕಾಣುತ್ತಿರಲಿಲ್ಲ. ಜ್ವರ ಇಳಿದ ಮೇಲೆ ಹೋದರಾಯಿತು ಎಂದರು. ಆಣೆ ಇದ್ದದ್ದು ಡಾಕ್ಟರಿಗೆ ಹೇಳಬಾರದೆಂದು, ನಾನು ಕುರುಗೋಡಿಗೆ ಫೋನ್ ಮಾಡಿ ಅಕ್ಕನಿಗೆ ಎಲ್ಲಾ ಹೇಳಿದೆ. ಅಕ್ಕ ಮೊದಲ ಬಸ್ಸಿಗೇ ಬಂದು, ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು.

“ನನ್ನ ಗಿಡದ ಎಲಿ ಹಚ್ಕೊಂಡು ಡಾಕ್ಟ್ರ ಕಣ್ಣಿಗೆ ಮಣ್ಣು ಹಾಕ್ತೀಯಾ? ಏಳು ಮ್ಯಾಲ. ಏಳದಿದ್ರ ಓಣಿ ಮಂದಿನ ಕರದು ಗಾದಿ ಸಮೇತ ಹೊರಿಸ್ತೀನಿ.”

“ಗಾದಿ ಭಾರ ಐತಿ,” ಎಂದರು ತಾತ.

“ನೀನೇನು ಹಗರ ಅದೀಯಾ? ಏಳ್ಲೇ!”

ಆಟೋದಲ್ಲಿ ನಮ್ಮಿಬ್ಬರ ನಡುವೆ ಕುಳಿತರು. ಪ್ರತಿ ಗುಂಡಿಗೂ ಅವರ ಕೈ ನನ್ನ ಮೊಣಕೈಯನ್ನು ಹಿಂಡುತ್ತಿತ್ತು. ಆಸ್ಪತ್ರೆ ಬಂದಾಗ ಮೆಲ್ಲಗೆ, “ಆಣಿ ನೆನಪೈತಿಲ್ಲೋ?” ಎಂದರು.

ಡಾಕ್ಟರು ಜ್ವರ ನೋಡಿದರು, ಎದೆ ನೋಡಿದರು, ಹೊಟ್ಟೆ ಒತ್ತಿದರು. ಕಾಲು ಊದಿದ್ದು ಕಂಡು ಏನಾಯಿತು ಎಂದರು. ಮುಗ್ಗರಿಸಿ ಉಳುಕಿತು ಎಂದರು ತಾತ. ಡಾಕ್ಟರು ಬರೆಯಲು ಪೆನ್ನು ತೆಗೆದರು. ಅಕ್ಕ ಹೊರಗಿದ್ದರು, ಒಬ್ಬರೇ ಒಳಗೆ ಬರಬೇಕೆಂದು ಸಿಸ್ಟರ್ ನನ್ನನ್ನು ಮಾತ್ರ ಬಿಟ್ಟಿದ್ದರು. ಹೇಳಬೇಕಾದವಳು ನಾನೊಬ್ಬಳೇ. ಪೆನ್ನು ಕಾಗದದ ಮೇಲೆ ಓಡುವ ಸದ್ದು ಕೇಳುತ್ತಿತ್ತು. ಆ ಕಾಗದ ಅವರು ಹರಿದು ಕೊಟ್ಟರೆ ನಾವು ಮನೆಗೆ ಹೋಗಬೇಕು, ಆ ಕಾಲಿನೊಂದಿಗೆ, ಇನ್ನೊಂದು ವಾರ.

“ಸರ್,” ಎಂದೆ.

ಇಬ್ಬರೂ ತಿರುಗಿ ನೋಡಿದರು.

“ಬಣ್ಣದ ಕೆಳಗ ನೋಡ್ರಿ ಸರ್. ಚರ್ಮ ಬಿಟ್ಟೈತ್ರಿ. ಉಳುಕಿಲ್ರಿ.”

ತಾತ ಕಣ್ಣು ಮುಚ್ಚಿದರು. ಡಾಕ್ಟರು ಎದ್ದು ಬಂದು ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು, ಕಾಲನ್ನು ತಮ್ಮ ತೊಡೆಯ ಮೇಲೆ ಎತ್ತಿಕೊಂಡರು. ಸಿಸ್ಟರ್ ಟಾರ್ಚ್ ಹಿಡಿದರು. ಅಂಗೈಯನ್ನೂ ತಿರುಗಿಸಿ ನೋಡಿದರು, ದಬ್ಬಣ ಒತ್ತುವ ಜಾಗದಲ್ಲೂ ಅದೇ.

“ಮೊನ್ನೆ ಬಣ್ಣ ನೋಡಿ ನಾನು ನಕ್ಕುಬಿಟ್ಟೆ,” ಎಂದರು ಕೊನೆಗೆ. “ಇವರು ಹೇಳದಿದ್ರೆ ಇವತ್ತೂ ಹಾಗೇ ಕಳಿಸ್ತಿದ್ದೆ. ಮಾತ್ರೆ ಇವತ್ತಿಂದ ನಿಲ್ಲಿಸಿ.”

ತಾತನ ಕೈ ಅಂಗಿಯ ಜೇಬನ್ನು ಮುಚ್ಚಿತು. ಮಾತ್ರೆಯ ಪಟ್ಟಿ ಸದಾ ಅಲ್ಲೇ ಇರುತ್ತಿತ್ತು.

“ನಿಲ್ಲಿಸಿದ್ರ ಮುಗೀತಲ್ರಿ ಸರ್.”

“ಏನು ಮುಗೀತು?”

ತಾತ ಬೆಂಚಿನ ಮನುಷ್ಯನ ಮಾತು ಹೇಳಿದರು. ಡಾಕ್ಟರು ಕಾಲನ್ನು ಕೆಳಗಿಡದೆ ಪೂರ್ತಿ ಕೇಳಿದರು. “ಅವರ ಮಾವನ ಕಥೆ ನನಗೆ ಗೊತ್ತಿಲ್ಲ. ನಿಮ್ಮದು ಹೇಳ್ತೀನಿ. ನಿಲ್ಲಿಸೋದು ಬೇರೆ, ಬಿಡೋದು ಬೇರೆ. ಚರ್ಮ ಕೂಡೋವರೆಗೆ ನಿಲ್ಲಿಸ್ತೀವಿ. ಆಮೇಲೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು. ಹೀಗೇ ಮುಚ್ಚಿಟ್ಟು ನಂಜು ಏರಿದ್ರೆ, ಆಗ ನಿಜವಾಗ್ಲೂ ಬಿಡಬೇಕಾಗುತ್ತೆ.”

ತಾತ ಜೇಬಿನಿಂದ ಕೈ ತೆಗೆಯಲಿಲ್ಲ. ಡಾಕ್ಟರು ಅದನ್ನು ನೋಡಿದರು.

“ಮಾತ್ರೆ ನಿಮ್ಮ ಹತ್ರಾನೇ ಇರಲಿ. ನಾನು ಇಸ್ಕೊಳ್ಳಲ್ಲ. ಹೇಳಿದ ದಿನ ನುಂಗಿದ್ರೆ ಸಾಕು.”

ನಂಜಿಗೆ ಸೂಜಿ, ಬಿರುಕಿಗೆ ಮುಲಾಮು, ಮೆತ್ತನೆಯ ಚಪ್ಪಲಿ, ಬಿಸಿನೀರು ಬೇಡ, ಗಾದಿ ಬೇಡವೇ ಬೇಡ. ಇಷ್ಟು ಹೇಳಿ ಕಳಿಸಿದರು. ಮರಳಿ ಆಟೋದಲ್ಲಿ ತಾತ ನನ್ನ ಕಡೆ ನೋಡಲಿಲ್ಲ. ಮನೆ ಹತ್ತಿರ ಬಂದಾಗ, “ಇನ್ನ ಮ್ಯಾಲ ನೀನ ಡಾಕ್ಟ್ರು” ಎಂದು ಹೊರಗೆ ಮುಖ ಮಾಡಿ ಹೇಳಿದರು.

ಜ್ವರ ಇಳಿದ ಮೇಲೆ, ಅಂಗಡಿ ಕಣ್ಣೆದುರಿಗಿದ್ದರೆ ಇವರು ಸುಮ್ಮನಿರುವುದಿಲ್ಲ ಎಂದು ಸಿರುಗುಪ್ಪಕ್ಕೆ, ನಿಮ್ಮ ಮನೆಗೆ ಕರೆದುಕೊಂಡು ಬಂದೆ. ನೀವಿನ್ನೂ ಹುಟ್ಟಿರಲಿಲ್ಲ. ನಿಮ್ಮ ಅವ್ವ ಆಗಷ್ಟೇ ಮದುವೆಯಾಗಿ ಬಂದವಳು. ಕಾಲುವೆ ನೀರು ಬಿಟ್ಟಿದ್ದರು, ಗದ್ದೆಯ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಪಡಸಾಲೆಯಲ್ಲಿ ದಿಂಬಿನ ಮೇಲೆ ಕಾಲಿಟ್ಟುಕೊಂಡು ಅವರು ಕೂಡುತ್ತಿದ್ದರು. ನಾನು ತಣ್ಣೀರಿನ ಬಟ್ಟೆ ಹಾಕಿ, ಒರೆಸಿ, ಮುಲಾಮು ಹಚ್ಚಿ, ಹತ್ತಿಯ ಕಾಲುಚೀಲ ಹಾಕುತ್ತಿದ್ದೆ. ಕಾಲು ಕೊಡುತ್ತಿದ್ದರು, ಮುಖ ಕೊಡುತ್ತಿರಲಿಲ್ಲ.

ಬೆಳಿಗ್ಗೆ ಎದ್ದವರೇ ಬಲಪಕ್ಕೆಯ ಕೆಳಗೆ ಬೆರಳೂರಿ ಒತ್ತಿ ನೋಡಿಕೊಳ್ಳುತ್ತಿದ್ದರು, ಗಾದಿಯಲ್ಲಿ ಉಬ್ಬು ಹುಡುಕುವ ಹಾಗೆ.

“ದೊಡ್ಡದಾಗಾಕತ್ತೈತಿ.”

“ಹೊರಗಿಂದ ತಿಳಿಯಂಗಿಲ್ಲ ಅಂತ ಡಾಕ್ಟ್ರು ಹೇಳ್ಯಾರಲ್ರಿ.”

“ಡಾಕ್ಟ್ರಿಗೆ ಎಲ್ಲಿ ಹೊಟ್ಟಿ ಐತಿ? ಹೊಟ್ಟಿ ನಂದು.”

ಅವರು ಆಚೆ ಹೋದಾಗ ನಾನು ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಅವರು ಹೇಳಿದ್ದು ನಿಜವಾಗಿದ್ದರೆ? ಮಾತ್ರೆ ನಿಂತು ಗಡ್ಡೆ ಬೆಳೆದರೆ, ಬೆಳೆಸಿದ್ದು ನನ್ನ ಆ ಒಂದು ಮಾತು. ಇದನ್ನು ಯಾರ ಹತ್ತಿರವೂ ಹೇಳಲಿಲ್ಲ, ನಿಮ್ಮ ಅವ್ವನ ಹತ್ತಿರವೂ.

ಒಂದು ಮಧ್ಯಾಹ್ನ ನೀರು ಕೊಡಲು ಹೋದಾಗ ಅವರ ಅಂಗೈಯಲ್ಲಿ ಒಂದು ಮಾತ್ರೆ ಇತ್ತು. ಪಟ್ಟಿಯಿಂದ ಬಿಡಿಸಿ ಇಟ್ಟುಕೊಂಡಿದ್ದರು. ನನ್ನ ಕೈಯಲ್ಲಿ ನೀರಿನ ಚೊಂಬು.

“ಬರೇ ನೋಡಾಕತ್ತೀನಿ,” ಎಂದರು.

ಕಸಿದುಕೊಳ್ಳಲಿಲ್ಲ. ಚೊಂಬು ಕೆಳಗಿಟ್ಟು ಪಕ್ಕದಲ್ಲಿ ಕುಳಿತೆ. ಅವರು ಮಾತ್ರೆ ನೋಡುತ್ತಿದ್ದರು, ನಾನು ಚೊಂಬನ್ನು ನೋಡುತ್ತಿದ್ದೆ. ಹೊರಗೆ ಭತ್ತದ ಲಾರಿಯೊಂದು ಗೇರ್ ಬದಲಿಸುತ್ತಾ ದೂರ ಹೋಯಿತು. ಬಹಳ ಹೊತ್ತಿನ ಮೇಲೆ ಒಂದು ಕಾಗದದ ಚೂರು ಕೇಳಿದರು. ಕೊಟ್ಟೆ. ಮಾತ್ರೆಯನ್ನು ಅದರಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ನೀರನ್ನು ಬರಿದೇ ಕುಡಿದರು.

ಅವರು ಮೊದಲು ನಕ್ಕದ್ದು ಹತ್ತಿಯ ನೆಪದಲ್ಲಿ. ಮೆತ್ತನೆಯ ಚಪ್ಪಲಿ ಸಿರುಗುಪ್ಪದಲ್ಲಿ ಸಿಗಲಿಲ್ಲ. ಹಳೆಯ ದಿಂಬು ಬಿಚ್ಚಿ, ಅಂಗಾಲಿನ ಅಳತೆಗೆ ಬಟ್ಟೆ ಕತ್ತರಿಸಿ, ಒಳಗೆ ಹತ್ತಿ ಹಾಕಿ ಚಪ್ಪಲಿಗೆ ಹಾಸು ಮಾಡೋಣ ಎಂದೆ. ಅವರ ಬೆರಳಿಗೆ ಸೂಜಿ ಹಿಡಿಯಲು ಆಗುತ್ತಿರಲಿಲ್ಲ. ನಾನು ಹೊಲಿದೆ, ಅವರು ನೋಡಿದರು.

“ಅದೇನು ಹೊಲಿಗಿಯೋ, ಇರಿವಿ ಸಾಲೋ?”

“ನಿಮ್ಮಷ್ಟು ಬರಂಗಿಲ್ರಿ ನನಗ.”

“ಹಿಮ್ಮಡದಾಗ ಹತ್ತಿ ಕಮ್ಮಿ ಹಾಕು. ನಡುವ ಎತ್ತರ ಮಾಡು, ಭಾರ ಅಲ್ಲಿ ಬೀಳಲಿ. ಏ, ಅಷ್ಟಲ್ಲ! ಲಾಡ್ಜಿನ ಗಾದಿ ಮಾಡ್ತೀಯೇನು?”

ಒಳಗಿನಿಂದ ನಿಮ್ಮ ಅವ್ವ ನಕ್ಕಳು. ಅವರೂ ನಕ್ಕರು. ಆ ಹಾಸು ಹಾಕಿಕೊಂಡು ಪಡಸಾಲೆಯ ಉದ್ದಕ್ಕೆ ನಡೆದು ನೋಡಿದರು. ಕೆಲವು ದಿನಕ್ಕೆ ಬಣ್ಣದ ಹಳೆಯ ಚರ್ಮ ಈರುಳ್ಳಿ ಸಿಪ್ಪೆಯಂತೆ ಎದ್ದು, ಕೆಳಗೆ ಎಳೆಯ ಚರ್ಮ ಕಂಡಿತು.

ಬಳ್ಳಾರಿಗೆ ಮರಳಿ ಆಸ್ಪತ್ರೆಗೆ ಹೋದಾಗ ಡಾಕ್ಟರು ಅಂಗಾಲು ನೋಡಿ, ಅಂಗೈ ನೋಡಿ, ಮೊದಲಿನ ಅರ್ಧದಷ್ಟು ಮಾತ್ರೆ ಬರೆದರು.

“ಅರ್ಧ ಗುಳಿಗಿಗೆ ಅರ್ಧ ಆಯುಷ್ಯ ಏನ್ರಿ ಸರ್?”

“ಲೆಕ್ಕ ಹಾಗಿರಲ್ಲ. ಪೂರ್ತಿ ತಗೊಂಡು ನಡುವೆ ಬಿಡೋದಕ್ಕಿಂತ, ಮೈ ತಡೆಯೋಷ್ಟು ತಗೊಂಡು ಮುಂದುವರಿಯೋದು ಮೇಲು. ಸ್ಕ್ಯಾನ್ ಮಾಡಿಸಿದಾಗ ಗೊತ್ತಾಗುತ್ತೆ.”

ಸ್ಕ್ಯಾನ್‌ವರೆಗಿನ ದಿನಗಳು ಇನ್ನೂ ಕಷ್ಟ. ಮಾತ್ರೆ ನುಂಗುವಾಗ ಪ್ರತಿ ಸಲ ಅದನ್ನು ಕಣ್ಣ ಹತ್ತಿರ ಹಿಡಿದು, ಇಷ್ಟೇ ಇದು ಏನು ಮಾಡೀತು ಎನ್ನುವಂತೆ ನೋಡುತ್ತಿದ್ದರು. ಗಾದಿ ತುಳಿಯುವುದನ್ನು ಬಿಟ್ಟರು. ಅಂಗಡಿಗೆ ಒಬ್ಬ ಕೆಲಸಗಾರನನ್ನು ಇಟ್ಟುಕೊಂಡು, ತಾವು ಕುರ್ಚಿಯ ಮೇಲೆ ಕುಳಿತು ಅವನಿಗೆ ಬೈಯುವ ಕೆಲಸ ಮಾಡಿದರು.

ಅವರು ಹೇಗೆ ಹೋದರು ಎಂಬುದನ್ನು ನಿಮ್ಮ ಅವ್ವ ಹೇಳಿದ್ದಾಳೆ. ಮಾತ್ರೆಯ ಕೈಗೂ ಗಡ್ಡೆ ಸಿಗದಂತಾದದ್ದು ಮುಂದೆ, ನಿಮ್ಮಲ್ಲಿ ದೊಡ್ಡವನು ಅವರ ಮಡಿಲಲ್ಲಿ ಆಡಿದ ಮೇಲೆ. ಅದನ್ನು ನಾನು ಬರೆಯಲಾರೆ. ಅರ್ಧ ಮಾತ್ರೆ ಶುರುವಾದ ಮೇಲಿನ ಮೊದಲ ಸ್ಕ್ಯಾನಿನ ದಿನದ್ದು ಮಾತ್ರ ಬರೆಯುತ್ತೇನೆ.

ಡಾಕ್ಟರು ಹಳೆಯ ಫಿಲ್ಮನ್ನೂ ಹೊಸದನ್ನೂ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಅದರ ಮೇಲೆ ಅಳತೆಪಟ್ಟಿ ಇಟ್ಟರು. ತೆಗೆದರು. ಮತ್ತೆ ಇಟ್ಟರು. ಈ ಸಲ ನಾನು ಕುರ್ಚಿಯ ಮೇಲೆ ಕುಳಿತಿದ್ದೆ. ತಾತ ಫಿಲ್ಮು ನೋಡದೆ ಡಾಕ್ಟರ ಬೆನ್ನು ನೋಡುತ್ತಿದ್ದರು.

“ಬೆಳೆದಿಲ್ಲ,” ಎಂದರು ಡಾಕ್ಟರು. “ಇದ್ದಷ್ಟೇ ಇದೆ.”

“ಅರ್ಧ ಗುಳಿಗಿಗೇನ್ರಿ?”

“ಅರ್ಧಕ್ಕೇ.”

ತಾತ ಏಳುತ್ತಾರೆ ಎಂದುಕೊಂಡು ನಾನು ಚೀಲ ತೆಗೆದುಕೊಂಡೆ. ಅವರು ಏಳಲಿಲ್ಲ. ಕುರ್ಚಿಯನ್ನು ಡಾಕ್ಟರ ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

“ಹಂಗಾರ ಹೇಳಿಬಿಡ್ತೀನಿ ಸರ್. ಮೊನ್ನಿಯಿಂದ ಬಾಯಾಗ ಹುಣ್ಣಾಗ್ಯಾವ. ಉಣ್ಣಾಕ ಆಗವಲ್ದು. ಇಕಿಗೂ ಹೇಳಿಲ್ಲ.”

ಡಾಕ್ಟರು ಟಾರ್ಚ್ ತೆಗೆದುಕೊಂಡರು. ತಾತ ಬಾಯಿ ಅಗಲವಾಗಿ ತೆರೆದರು.